ಶುಕ್ರವಾರದ ಹೆಪ್ಪು

"ಆ ಸಾಲು ಇನ್ನೊಮ್ಮೆ ಓದ್ರಿ ಸಾಹೇಬ್ರ" ಎಂದು ಪರದೆಯ ಹಿಂದಿನಿಂದ ದನಿ ಬಂತು.

ಸುಂಕದ ಅಮೀನ ದೇವೇಂದ್ರಪ್ಪ ಕಾಗದದಿಂದ ತಲೆ ಎತ್ತಿದ. ಮುನ್ಶಿ ಮೌಲಾಹುಸೇನರ ಪಡಸಾಲೆಯಲ್ಲಿ ಕೂತು ಅವನು ಆ ಪಂಚನಾಮೆಯ ನಕಲನ್ನು ಗಟ್ಟಿಯಾಗಿ ಓದುತ್ತಿದ್ದುದು ಆ ಬೆಳಿಗ್ಗೆ ಏಳನೆಯ ಸಲ. ಓದಿದಷ್ಟೂ ತಲೆ ಮೊಸರುಗಡಿಗೆಯಾಗುತ್ತಿತ್ತೇ ಹೊರತು ಕಾಗದದಲ್ಲಿ ಒಂದು ಬಿರುಕೂ ಕಂಡಿರಲಿಲ್ಲ. ಪರದೆಯ ಹಿಂದೆ ಇದ್ದವರು ಮುನ್ಶಿಯ ಹೆಂಡತಿ ಶಾಹಜಾದಬಿ. ಗಂಡನನ್ನು ಅಮಾನತಿನಲ್ಲಿಟ್ಟ ದಿನದಿಂದ ಆಕೆ ಯಾರೊಂದಿಗೂ ಮಾತಾಡಿರಲಿಲ್ಲ.

"ಯಾವ ಸಾಲ್ರಿ ಅಮ್ಮಾರ?"

"ಹೆಪ್ಪಿನ ಸಾಲು."

ದೇವೇಂದ್ರಪ್ಪ ಬೆರಳಿಟ್ಟು ಹುಡುಕಿ ಓದಿದ. "ಶುಕ್ರವಾರ ಸಂಜೆ ದೀಪ ಹಚ್ಚಿದ ಬಳಿಕ ಸದರಿ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಅದೇ ಓಣಿಯ ಕಳಕಮ್ಮ ಎಂಬಾಕೆಯ ಮನೆಯಿಂದ ಹೆಪ್ಪು ತರಿಸಿ, ಪಂಚರ ಸಮಕ್ಷಮದಲ್ಲಿ ಹಾಕಲಾಯಿತು. ಶನಿವಾರ ಬೆಳಿಗ್ಗೆ ನೋಡಲಾಗಿ ಗಟ್ಟಿ ಮೊಸರಾಗಿತ್ತು. ಆದಕಾರಣ ಪುಡಿಯು ಅಸಲಿ ಹಾಲಿನದೇ ಎಂದು ಖಾತ್ರಿಯಾಯಿತು."

ಪರದೆಯ ಹಿಂದೆ ಬಳೆಗಳ ಸದ್ದಾಯಿತು.

"ಶುಕ್ರಾರ. ಅದೂ ದೀಪ ಹಚ್ಚಿದ ಮ್ಯಾಲೆ. ಕಳಕಮ್ಮ ಹೆಪ್ಪು ಕೊಟ್ಟಾಳ ಅಂತ ಬರದಾರ, ನೀವು ಏಳು ಸಲ ಓದೀರಿ. ಮೂವತ್ತು ವರ್ಷ ಆತು ನಾ ಆಕಿ ಓಣ್ಯಾಗ ಅದೀನಿ. ನನ್ನ ಬಾಣಂತನದಾಗ ತುಪ್ಪ ತಂದು ತಂದು ಕೊಟ್ಟಾಕಿ ಆಕಿ. ಶುಕ್ರಾರ ಸಂಜೀಕ ಹೆಪ್ಪು ಕೇಳಿದರ ಮಾತ್ರ ಮಾರಿ ಮ್ಯಾಲೆ ಕದ ಹಾಕ್ತಾಳ."

ದೇವೇಂದ್ರಪ್ಪ ಹಣೆ ಹಣೆ ಬಡಿದುಕೊಂಡ. ಕುಷ್ಟಗಿಯ ಮನೆಯಲ್ಲಿ ಅವನ ತಾಯಿ ಮುದುಕಮ್ಮ ಮಾಡುತ್ತಿದ್ದುದೂ ಅದನ್ನೇ. ಮಂಗಳವಾರ, ಶುಕ್ರವಾರ ಹೆಪ್ಪು ಹೊಸ್ತಿಲು ದಾಟಬಾರದು, ದೀಪ ಹಚ್ಚಿದ ಮೇಲಂತೂ ಯಾವ ವಾರವೂ ದಾಟಬಾರದು, ದಾಟಿದರೆ ಮನೆಯ ಲಕ್ಷ್ಮಿಯೂ ಹಿಂದೆಯೇ ಹೊರಟುಬಿಡುತ್ತಾಳೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಏಳು ಸಲ ಓದಿದರೂ ಕಣ್ಣಿಗೆ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಪಂಚನಾಮೆ ಬರೆದವನು ಗಂಡಸು, ಸಹಿ ಹಾಕಿದ ಪಂಚರಿಬ್ಬರೂ ಗಂಡಸರು, ನಕಲು ತೆಗೆದವನು ಗಂಡಸು, ಈಗ ಓದುತ್ತ ಕೂತ ಜಾಣನೂ ಗಂಡಸು. ಇಷ್ಟು ಜನರಲ್ಲಿ ಒಬ್ಬನೂ ಒಂದು ದಿನ ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದವನಲ್ಲ.

ಗೋಡೆಗೆ ಮುಖ ಮಾಡಿ ಕೂತಿದ್ದ ಮೌಲಾಹುಸೇನರು ತಿರುಗಲೂ ಇಲ್ಲ. "ಬಿಡಪಾ ದೇವೇಂದ್ರ" ಎಂದರು. "ಕೆಂಡದ ಮ್ಯಾಲಿನ ವಾಸನಿ ಕಾಗದದ ಮ್ಯಾಲೆ ಬರಂಗಿಲ್ಲ."

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹೋದ ವಾರದ ಸೋಮವಾರ ಕೊಪ್ಪಳದ ಸ್ಟೇಶನ್ನಿಗೆ ದೊಡ್ಡಬಸಪ್ಪ ಸಾವಕಾರರ ಹೆಸರಿಗೆ ನಲವತ್ತೆಂಟು ಡಬ್ಬಿ ವಿಲಾಯತಿ ಪುಡಿ ಬಂದಿಳಿದಿತ್ತು. ಡಬ್ಬಿಯ ಮೇಲೆ ಗುಂಡು ಗುಂಡಾದ ಕೂಸಿನ ಚಿತ್ರ. ಹಸುಗೂಸಿನ ಆಹಾರಕ್ಕೆ ಸುಂಕ ಮಾಫಿ ಎಂಬ ಹೊಸ ಸುತ್ತೋಲೆ ಹಿಡಿದುಕೊಂಡು ಸಾವಕಾರರು ಸುಂಕದ ಕಟ್ಟೆಗೆ, ನಾಕಾಕ್ಕೆ ಬಂದಿದ್ದರು. ಮುನ್ಶಿ ಮೇಲಿನ ಡಬ್ಬಿ ಮುಟ್ಟಲಿಲ್ಲ, ತಳದ್ದನ್ನು ಎಳೆದು ಬಿಚ್ಚಿದರು. ಮುದ್ರೆಗೆ ಅರಗು ಕಾಯಿಸುವ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಚಿಟಿಕೆ ಪುಡಿ ಉದುರಿಸಿದರು. ಕೂದಲು ಸುಟ್ಟ ವಾಸನೆ ಎದ್ದಿತು.

ಅವರಿಗೆ ಅಷ್ಟು ಸಾಕಾಯಿತು. ಇದೂ ಹಾಲಿನಿಂದಲೇ ಬಂದದ್ದು ನಿಜ, ಆದರೆ ಹಾಲಿನ ಸಿಹಿ, ಜಿಡ್ಡು ಎಲ್ಲ ತೆಗೆದು ಸೋಡಾ ಬೆರೆಸಿ ಒಣಗಿಸಿದ ಅಂಟು, ಹಲಗೆಗೆ ಹಲಗೆ ಕೂಡಿಸಲು ಬಡಗಿಗಳು ಬಳಸುವಂಥದು, ಸುಂಕದ ಪಟ್ಟಿಯಲ್ಲಿ ಇದರ ಬಾಬು ಬೇರೆ, ಮಾಫಿ ಇಲ್ಲ ಎಂದು ಬರೆದರು. ಬಿಸಿನೀರಿಗೆ ಹಾಕಿದರೆ ಹಾಲಿನಂತೆಯೇ ಬೆಳ್ಳಗೆ ಕರಗುವ ಈ ಪುಡಿಯನ್ನು ಕೂಸಿಗೆ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ ಎಂದೂ ಕೆಳಗೆ ಒಂದು ಸಾಲು ಸೇರಿಸಿದರು. ನಿಯಮದಂತೆ ಒಂದು ಶೀಶೆ ಪುಡಿಯನ್ನು ಮಾಲಕನ ಕೈಗೆ ಕೊಟ್ಟು, ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿಸಿ, ಉಂಗುರದ ಮುದ್ರೆ ಒತ್ತಿದರು.

ಅದೇ ಶೀಶೆಯಿಂದ ಸಾವಕಾರರು ಮೊಸರು ಮಾಡಿ ತೋರಿಸಿದ್ದರು. ಅಂಟಿಗೆ ಹೆಪ್ಪು ಹತ್ತುವುದಿಲ್ಲ. ಮೊಸರಾಯಿತೆಂದರೆ ಪುಡಿ ಹಾಲೇ, ಹಾಗಾದರೆ ಮುನ್ಶಿ ಲಂಚದ ಆಸೆಗೆ ಸುಳ್ಳು ಬಾಬು ಬರೆದ ಎಂದು ಅರ್ಜಿ ಹೋಯಿತು. ಇವತ್ತು ಮಂಗಳವಾರ. ಮೂರು ಗಂಟೆಗೆ ರಾಯಚೂರಿನಿಂದ ದೊಡ್ಡ ಅಧಿಕಾರಿ ಮುಹ್ತಮಿಮ್ ಸಾಹೇಬರು ಬಂದು ವಿಚಾರಣೆ ಮಾಡುವವರಿದ್ದರು. ಪಂಚನಾಮೆ ನಿಂತರೆ ಮೂವತ್ತು ವರ್ಷ ಕಳಂಕವಿಲ್ಲದೆ ದುಡಿದ ಮನುಷ್ಯ ಕೈಗೆ ಬೇಡಿ ಹಾಕಿಸಿಕೊಂಡು ಇದೇ ಓಣಿಯಲ್ಲಿ ನಡೆಯಬೇಕು. ದೇವೇಂದ್ರಪ್ಪನಿಗೆ ಕೆಂಡದ ವಾಸನೆ ಹಿಡಿಯುವುದನ್ನು ಕಲಿಸಿದವರು ಅವರು.

ಅವನು ಎದ್ದು ರುಮಾಲು ತಲೆಗೇರಿಸಿದ. ಬಾಗಿಲತನಕ ಹೋದವನು ತಟ್ಟನೆ ನಿಂತ. ಪಂಚನಾಮೆಯ ಕೆಳಗೆ ಕಳಕಮ್ಮನ ಹೆಬ್ಬಟ್ಟು ಇದೆ. ನೀ ಕೊಟ್ಟಿದ್ದು ಖರೇನಾ ಎಂದು ಕೇಳಿದರೆ ಹೌದು ಅನ್ನುತ್ತಾಳೆ, ಕತೆ ಅಲ್ಲಿಗೆ ಮುಗಿಯುತ್ತದೆ. ಕೇಳಬಾರದು. ಮತ್ತೇನು ಮಾಡಬೇಕು?

ಇವತ್ತು ಮಂಗಳವಾರ.

"ಅಮ್ಮಾರ, ಒಂದು ತಂಬಿಗಿ ಕೊಡ್ರಿ" ಎಂದ ದೇವೇಂದ್ರಪ್ಪ. ಅವನಿಗೆ ನಗು ತಡೆಯಲಾಗಲಿಲ್ಲ.

*

ಕಳಕಮ್ಮ ಅಂಗಳದಲ್ಲಿ ಕೂತು ಮೊಸರಿನ ಗಡಿಗೆಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಎರಡು ಎಮ್ಮೆ, ಆರು ಗಡಿಗೆ, ಓಣಿಗೆಲ್ಲ ಕೇಳುವ ಗಂಟಲು, ಇಷ್ಟು ಆಕೆಯ ಆಸ್ತಿ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಮೊಸರು ಮಾರಿಯೇ ಮನೆ ನಡೆಸಿದ್ದಳು. ಅಮೀನ ಒಳಗೆ ಕಾಲಿಟ್ಟದ್ದನ್ನು ಕಂಡು ಆಕೆ ಕೈ ನಿಲ್ಲಿಸಲಿಲ್ಲ, ಬಾಯಿ ಮಾತ್ರ ತೆರೆದಳು.

"ಮೊಸರು ಕೊಟ್ಟಿದ್ದು ನಾನ ಹೌದು, ಹೆಬ್ಬಟ್ಟು ನಂದ ಹೌದು. ಮತ್ತೇನೂ ಗೊತ್ತಿಲ್ಲ."

ಯಾರೋ ಕಲಿಸಿಟ್ಟ ಪಾಠ ಎಂದು ದೇವೇಂದ್ರಪ್ಪನಿಗೆ ಕೇಳಿದ ಕೂಡಲೇ ತಿಳಿಯಿತು. ಅವನು ಅದನ್ನು ಕೇಳಿಸಿಕೊಳ್ಳದವನಂತೆ ಎಮ್ಮೆಯ ಬೆನ್ನು ತಟ್ಟಿದ, ಕರು ಎಷ್ಟು ತಿಂಗಳದ್ದೆಂದು ವಿಚಾರಿಸಿದ, ಈ ಸಲ ಹತ್ತಿಕಾಳು ಛಲೋ ಸಿಗುವುದೋ ಇಲ್ಲವೋ ಎಂದ. ಕಳಕಮ್ಮನ ಭುಜ ಸ್ವಲ್ಪ ಸಡಿಲಾಯಿತು. ಆಗ ತಂಬಿಗೆ ಮುಂದೆ ಹಿಡಿದ.

"ನಾ ಅದಕ್ಕ ಬಂದಿಲ್ರಿ ಅವ್ವಾರ. ಶಾಹಜಾದಬಿ ಅಮ್ಮಾರ ಮನ್ಯಾಗ ಹಾಲು ಕಾಸಿಟ್ಟಾರ. ಒಂದು ತೊಟ್ಟು ಹೆಪ್ಪು ಹಾಕ್ರಿ."

"ಇವತ್ತು ಮಂಗಳಾರ" ಎಂದಳು ಕಳಕಮ್ಮ, ಬೂದಿಯ ಕೈ ಅಡ್ಡ ಮಾಡಿ.

"ಮಂಗಳಾರಾದರ ಏನಾತ್ರಿ?"

"ಏನಾತು ಅಂತಾನ ನೋಡು. ನಿಮ್ಮವ್ವ ನಿಮಗೇನೂ ಹೇಳಿಕೊಟ್ಟಿಲ್ಲೇನು? ಮಂಗಳಾರ ಶುಕ್ರಾರ ನಮ್ಮ ಮನ್ಯಾಗಿಂದ ಹೆಪ್ಪು ಹೊರಗ ಹೋಗಂಗಿಲ್ಲ. ನಮ್ಮತ್ತಿ ಕಾಲದಿಂದ ಹೋಗಿಲ್ಲ."

"ದೊಡ್ಡವರು ಯಾರರ ಬಂದು ಕೇಳಿದರ?"

"ಸರಕಾರನ ಬಂದು ಬಾಗಲದಾಗ ನಿಂತರೂ ಕೊಡಂಗಿಲ್ಲ."

ದೇವೇಂದ್ರಪ್ಪ ತಂಬಿಗೆ ಕೆಳಗಿಟ್ಟು, ಜೇಬಿನಿಂದ ನಕಲು ತೆಗೆದು, ಅವಸರ ಮಾಡದೆ ಆ ಸಾಲನ್ನು ಓದಿ ಹೇಳಿದ. ಓದುವುದು ಮುಗಿಯುವುದರೊಳಗೆ ಗಡಿಗೆ ತಿಕ್ಕುವ ಸದ್ದು ನಿಂತಿತ್ತು.

"ಅದರಾಗ ನನ್ನ ಹೆಸರು ಐತಿ?"

"ಐತ್ರಿ. ಕೆಳಗ ಹೆಬ್ಬಟ್ಟು ಐತಿ."

"ಶುಕ್ರಾರ?"

"ಶುಕ್ರಾರ."

"ದೀಪ ಹಚ್ಚಿದ ಮ್ಯಾಲೆ?"

"ಹಂಗಂತ ಬರದಾರ್ರಿ."

ಕಳಕಮ್ಮ ಎದ್ದು ನಿಂತಳು. ಆಕೆಯ ಮುಖ ಕಂಡು ದೇವೇಂದ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಮುನ್ಶಿ ಜೈಲಿಗೆ ಹೋಗುತ್ತಾರೆಂದರೆ ಆಕೆ ಬಾಯಿ ಬಿಡುತ್ತಿದ್ದಳೋ ಇಲ್ಲವೋ ಹೇಳಲಾಗದು. ತಾನು ಶುಕ್ರವಾರ ಸಂಜೆ ಹೆಪ್ಪು ಹೊರಗೆ ಕೊಟ್ಟ ಹೆಂಗಸು ಎಂದು ಸರಕಾರಿ ಕಾಗದದಲ್ಲಿ ಬರೆದಿದ್ದಾರೆ ಎಂಬುದು ಬೇರೆಯೇ ಮಾತು. ನಾಳೆ ಓಣಿಯ ಯಾವ ಮನೆಯಲ್ಲಿ ಹಾಲು ಒಡೆದರೂ, ಯಾರ ಎಮ್ಮೆ ಬತ್ತಿದರೂ, ಬೆರಳು ಈಕೆಯ ಕಡೆಗೆ ತಿರುಗುತ್ತದೆ.

ನಿಜ ಸಂಗತಿಯೆಲ್ಲ ಒಂದೇ ಉಸುರಿಗೆ ಹೊರಬಿತ್ತು. ಬೇಸ್ತವಾರ ಮಧ್ಯಾಹ್ನ ಸಾವಕಾರರ ಮನೆಯ ಆಳು ಬಂದು ಒಂದು ಗಡಿಗೆ ಗಟ್ಟಿ ಮೊಸರು ಒಯ್ದಿದ್ದ. ಶನಿವಾರ ಬೆಳಿಗ್ಗೆ ಆಕೆಯನ್ನು ಕರೆಸಿಕೊಂಡಾಗ ಸಾವಕಾರರ ಪಡಸಾಲೆಯಲ್ಲಿ ಪಂಚರ ಮುಂದೆ ಅದೇ ಮೊಸರು ಬೆಳ್ಳಿಯ ಬಟ್ಟಲಲ್ಲಿ ಕೂತಿತ್ತು. ತನ್ನ ಮೊಸರನ್ನು ತಾನು ಗುರುತಿಸದಿದ್ದರೆ ಹೇಗೆ? ಕೇಳಿದ್ದಕ್ಕೆ, ಮೊಸರು ಮಾರಿದ್ದಕ್ಕೆ ಇದೊಂದು ಚೀಟಿ ಎಂದು ಹೊಸಪೇಟೆಯ ವಕೀಲ ಕೊಟ್ರಬಸಪ್ಪ ಹೆಬ್ಬೆರಳಿಗೆ ಮಸಿ ಬಳಿದಿದ್ದ.

"ಆ ವಕೀಲಗ ಹೆಂಡತಿ ಇಲ್ಲೇನು?" ಎಂದಳು ಕಳಕಮ್ಮ. "ಇದ್ದಿದ್ದರ ಇಂಥಾದ್ದು ಬರೀತಿದ್ದಿಲ್ಲ."

ಇಲ್ಲ, ಆತ ಖಾನಾವಳಿಯಲ್ಲಿ ಉಣ್ಣುತ್ತಾನೆ ಎಂದ ದೇವೇಂದ್ರಪ್ಪ. ಮೂರು ಗಂಟೆಗೆ ನಾಕಾಕ್ಕೆ ಬಂದು ಇದಿಷ್ಟನ್ನೂ ಹೇಳುವಿರಾ ಎಂದು ಕೇಳುವುದೇ ಬೇಕಾಗಲಿಲ್ಲ. ಆಕೆ ಆಗಲೇ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡೀರಿ ಎಂದಿದ್ದಳು. ಇನ್ನೂ ಹತ್ತೂವರೆ ಎಂದರೆ, ಆಗಲಿ, ಅಲ್ಲಿ ಹೋಗಿ ಕೂಡ್ತೀನಿ ಎಂದಳು.

*

ಮೂರಕ್ಕೆ ಸರಿಯಾಗಿ ಮುಹ್ತಮಿಮ್ ಸಾಹೇಬರು ನಾಕಾದ ಕುರ್ಚಿಯಲ್ಲಿ ಕೂತರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಕಿವಿ ಚುರುಕು. ಬಲಕ್ಕೆ ದೊಡ್ಡಬಸಪ್ಪ ಸಾವಕಾರರು ಜರಿ ರುಮಾಲು, ಹಣೆ ತುಂಬ ವಿಭೂತಿ ಧರಿಸಿ ವಕೀಲನ ಜೊತೆ ಬೆಂಚಿನ ಮೇಲೆ. ಎಡಕ್ಕೆ ಮೌಲಾಹುಸೇನರು ನಿಂತಿದ್ದರು. ಆಪಾದಿತನಿಗೆ ಕೂರಲು ಹೇಳುವ ಪದ್ಧತಿ ಇರಲಿಲ್ಲ. ಅರವತ್ತರ ಆ ಮನುಷ್ಯ ಹಾಗೆ ನಿಂತೇ ಇದ್ದುದನ್ನು ನೋಡಲಾರದೆ ದೇವೇಂದ್ರಪ್ಪ ಬೇರೆ ಕಡೆಗೆ ಮುಖ ತಿರುಗಿಸಿದ.

ವಕೀಲ ಕೊಟ್ರಬಸಪ್ಪ ಉರ್ದುವಿನಲ್ಲಿ ಜಾಡಿಸಿ ಮಾತಾಡಿದ. ಪಂಚನಾಮೆಯನ್ನು ತಲೆಯ ಮೇಲಿಟ್ಟು ಮೆರೆಸುವುದೊಂದು ಬಾಕಿ. ಅವನು ಕೂತ ಕೂಡಲೇ ದೇವೇಂದ್ರಪ್ಪ ಕಳಕಮ್ಮನನ್ನು ಕರೆದ.

ಆಮೇಲೆ ನಡೆದದ್ದನ್ನು ನಾಕಾದ ಹಮಾಲರು ಇಡೀ ತಿಂಗಳು ಹೇಳಿಕೊಂಡು ತಿರುಗಿದರು. ಕಳಕಮ್ಮನಿಗೆ ಕಚೇರಿಯ ರೀತಿ ರಿವಾಜು ಗೊತ್ತಿರಲಿಲ್ಲ, ಗೊತ್ತಿದ್ದರೂ ಪಾಲಿಸುವ ಮನಸ್ಸಿರಲಿಲ್ಲ. ವಕೀಲನ ಮುಂದೆ ಕೈ ತಿರುಗಿಸುತ್ತ, ಶುಕ್ರವಾರ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಒಂದೇ ಒಂದು ಮನೆಯನ್ನು ಕೊಪ್ಪಳದಲ್ಲಿ ತೋರಿಸು, ಆ ಮನೆಯ ಎಮ್ಮೆಯ ಸಗಣಿ ನಾನು ಬಾಚುತ್ತೇನೆ ಎಂದಳು. ಬೇಸ್ತವಾರದ ಗಡಿಗೆಯ ಸಂಗತಿ ಹೇಳಿದಳು. ಪಂಚರಲ್ಲೊಬ್ಬ ತಲೆ ತ‌ಗ್ಗಿಸಿಕೊಂಡು, ಹೆಪ್ಪು ಹಾಕಿದ್ದನ್ನು ತಾನು ಕಣ್ಣಾರೆ ಕಂಡಿಲ್ಲ, ಬೆಳಿಗ್ಗೆ ಬಟ್ಟಲು ತೋರಿಸಿದರು ಅಷ್ಟೇ ಎಂದು ಒಪ್ಪಿಕೊಂಡ. ಮುಹ್ತಮಿಮ್ ಸಾಹೇಬರು ಲೇಖಣಿ ಕೆಳಗಿಟ್ಟು, ತಮ್ಮ ತಾಯಿಯೂ ಸಂಜೆಯ ಮೇಲೆ ಮೊಸರು ಹೊರಗೆ ಕೊಡುತ್ತಿರಲಿಲ್ಲ ಎಂದರು. ಹೇಳಿ, ಪಂಚನಾಮೆಯ ಮೇಲೆ ಅಡ್ಡಗೆರೆ ಎಳೆದರು.

ದೇವೇಂದ್ರಪ್ಪನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ಸಮಾಧಾನವಾಯಿತು. ಬಾಗಿಲ ಆಚೆ ಬುರ್ಖಾದಲ್ಲಿ ನಿಂತಿದ್ದ ಶಾಹಜಾದಬಿಯ ಕಡೆಗೆ ಅವನು ಒಮ್ಮೆ ನೋಡಿದ.

ಆದರೆ ಸಾಹೇಬರು ಮುಗಿಸಿರಲಿಲ್ಲ. ಪಂಚನಾಮೆ ಸುಳ್ಳಾದರೆ ಮುನ್ಶಿಯ ಮಾತು ನಿಜ ಎಂದೇನೂ ಆಗುವುದಿಲ್ಲ, ಪುಡಿ ಯಾವ ಬಾಬಿನದು ಎಂಬುದನ್ನು ಪುಡಿಯೇ ಹೇಳಲಿ, ಪೆಟ್ಟಿಗೆ ಇಲ್ಲೇ ಒಡೆಯಿರಿ ಎಂದರು. ದೇವೇಂದ್ರಪ್ಪನಿಗೂ ಬೇಕಾದದ್ದು ಅದೇ. ಅವನು ಓಡುತ್ತಲೇ ಗೋದಾಮಿನ ಬೀಗ ತೆಗೆದ. ಪೆಟ್ಟಿಗೆ ತಂದಿಟ್ಟಾಗ ಅರಗಿನ ಮುದ್ರೆಗಳು ಒಂದೂ ಬಿರುಕಿಲ್ಲದೆ ಹಾಗೇ ಇದ್ದವು. ಸಾಹೇಬರು ಭೂತಗನ್ನಡಿ ಹಿಡಿದು ನೋಡಿ, ಮುನ್ಶಿಯ ಉಂಗುರಕ್ಕೆ ಹೋಲಿಸಿ ನೋಡಿ, ಸರಿ ಎಂದರು. ದೊಡ್ಡಬಸಪ್ಪ ಸಾವಕಾರರು ಮಾತ್ರ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಒರೆಸಿಕೋ ಸಾವಕಾರ, ಇನ್ನೇನು ವಾಸನೆ ಏಳುತ್ತದೆ ಎಂದು ದೇವೇಂದ್ರಪ್ಪ ಮನಸ್ಸಿನಲ್ಲೇ ಕುಣಿದ.

ಸಾಹೇಬರು ಮೇಲಿನ ಸಾಲಿನ ಒಂದು ಡಬ್ಬಿಯನ್ನು ತಮ್ಮ ಕೈಯಾರೆ ತೆಗೆದರು. ಚಿಟಿಕೆ ಪುಡಿಯನ್ನು ಕೆಂಡದ ಮೇಲೆ ಉದುರಿಸಿದರು.

ಪುಡಿ ಕಂದಾಯಿತು, ಕೆಂಪಾಯಿತು, ಸಣ್ಣಗೆ ಬುರುಗಿತು. ಎಲ್ಲರೂ ಮೂಗು ಮುಂದೆ ಮಾಡಿದರು.

ಸಂತೆಯ ದಿನ ಮಿಠಾಯಿ ಅಂಗಡಿಯ ಮುಂದೆ ಬರುವ ವಾಸನೆ. ಖವಾ ಹುರಿಯುವ, ಬಾಯಲ್ಲಿ ನೀರೂರಿಸುವ, ಸಿಹಿಯಾದ ವಾಸನೆ ನಾಕಾದ ಮೂಲೆ ಮೂಲೆಗೂ ತುಂಬಿಕೊಂಡಿತು. ಒಬ್ಬ ಹಮಾಲ ತನಗೆ ಗೊತ್ತಿಲ್ಲದೆಯೇ ಚಪ್ಪರಿಸಿದ.

ದೇವೇಂದ್ರಪ್ಪ ಡಬ್ಬಿಯೊಳಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಸಿಹಿ. ಹಾಲು. ಹಸುಗೂಸಿಗೆ ಕೊಡುವಂಥ ಅಪ್ಪಟ ಹಾಲಿನ ಪುಡಿ.

ವಕೀಲ ಚಂಗನೆ ಎದ್ದ. ಇನ್ನೇನು ಬೇಕು ಎಂದು ಸಾಹೇಬರಿಗೆ ಕೈ ಮುಗಿದ. ಸಾಹೇಬರು ಮುನ್ಶಿಯ ಕಡೆಗೆ ನೋಡಿದ ನೋಟದಲ್ಲಿ ಮೊದಲಿನ ಸೌಮ್ಯತೆ ಉಳಿದಿರಲಿಲ್ಲ.

ಒಂದೇ ದಾರಿ ಉಳಿದಿತ್ತು. ದೇವೇಂದ್ರಪ್ಪ ಮುನ್ಶಿಯ ಹತ್ತಿರಕ್ಕೆ ಹೋಗಿ ಮುರಿದ ಅರಗಿನ ಚೂರುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಮುನ್ಶೀಜಿ, ಸರಿಯಾಗಿ ನೋಡ್ರಿ. ಯಾರೋ ಕಳ್ಳ ಉಂಗುರ ಮಾಡಿ ಒತ್ತಿರಬೇಕು. ಅಲ್ಲ ಅನ್ರಿ. ಒಂದು ಮಾತು ಅಲ್ಲ ಅಂದರ ಸಾಕು."

ಮೌಲಾಹುಸೇನರು ಚೂರುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಮುಳುಗುತ್ತಿದ್ದ ಅವರಿಗೆ ಹುಲ್ಲುಕಡ್ಡಿಯೇ ಸಾಕಿತ್ತು, ದೇವೇಂದ್ರಪ್ಪ ಚಾಚಿದ್ದು ಹಗ್ಗ. ಅವರು ಅದನ್ನು ಹಿಡಿಯಲಿಲ್ಲ.

"ಇಲ್ಲಪಾ. ಮುದ್ರಿ ನಂದ. ಒತ್ತಿದ ಕೈನೂ ನಂದ. ಇದನ್ನ ಯಾರೂ ಮುಟ್ಟಿಲ್ಲ."

ಬಾಗಿಲ ಆಚೆ ಶಾಹಜಾದಬಿ ನೆಲಕ್ಕೆ ಕುಸಿದು ಕೂತರು. ದೇವೇಂದ್ರಪ್ಪನಿಗೆ ಸಿಟ್ಟು ಬಂತು, ಅಳು ಬಂತು, ಆ ಮುದುಕನ ಕಾಲು ಹಿಡಿಯಬೇಕೆನಿಸಿತು.

*

ಆಗ ಅವನ ಕಣ್ಣಿಗೆ ದೊಡ್ಡಬಸಪ್ಪ ಸಾವಕಾರರು ಬಿದ್ದರು.

ಗೆದ್ದವರು ಅವರು. ವಕೀಲ ಅವರ ಬೆನ್ನು ತಟ್ಟುತ್ತಿದ್ದ. ಅವರಿಗೆ ಅದರ ಪರಿವೆಯೇ ಇರಲಿಲ್ಲ. ವಿಭೂತಿಯ ಕೆಳಗೆ ಮುಖ ಬೂದಿಯಾಗಿತ್ತು. ಕೆಂಡದ ಮೇಲಿನ ಕೆಂಪು ಕಲೆಯನ್ನು, ಸಾಹೇಬರ ಮುಂದಿನ ಡಬ್ಬಿಯನ್ನು ಮಿಕಿಮಿಕಿ ನೋಡುತ್ತಿದ್ದರು. ತನ್ನ ಪುಡಿ ಅಸಲಿ ಹಾಲು ಎಂದು ತೀರ್ಮಾನವಾದದ್ದಕ್ಕೆ ಹೀಗೆ ಹೆದರಿದ ವ್ಯಾಪಾರಿಯನ್ನು ದೇವೇಂದ್ರಪ್ಪ ಜನ್ಮದಲ್ಲಿ ಕಂಡಿರಲಿಲ್ಲ.

ಸಾವಕಾರರು ಎದ್ದು ಮೇಜಿನ ಹತ್ತಿರ ಬಂದರು. ಯಾರ ಅಪ್ಪಣೆಯನ್ನೂ ಕೇಳದೆ ಡಬ್ಬಿಯನ್ನು ಎತ್ತಿ ಬುಡ ನೋಡಿದರು. ಮೊಳೆಯಿಂದ ಗೀಚಿದ ಮೂರು ಅಡ್ಡಗೆರೆ. ಪೆಟ್ಟಿಗೆಗೆ ಕೈ ಹಾಕಿ ಇನ್ನೊಂದು ಡಬ್ಬಿ ತೆಗೆದರು, ಮತ್ತೊಂದು, ಮಗುದೊಂದು. ಮೇಲಿನ ಸಾಲಿನ ಆರು ಡಬ್ಬಿಗೂ ಬುಡದಲ್ಲಿ ಮೂರು ಗೆರೆ. ಏಳನೆಯದು ಬೋಳು.

ದೇವೇಂದ್ರಪ್ಪ ಆ ಏಳನೆಯ ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡು ಬಿಚ್ಚಿ ಕೆಂಡಕ್ಕೆ ಸುರಿದ. ಕೂದಲು ಸುಟ್ಟ ನಾತ ಗಪ್ಪೆಂದು ಎದ್ದಿತು. ಸಾಹೇಬರು ಮೂಗು ಮುಚ್ಚಿಕೊಂಡರು. ಮೌಲಾಹುಸೇನರು ಅಮಾನತಾದ ಮೇಲೆ ಮೊದಲ ಸಲ ತಲೆ ಎತ್ತಿದರು.

ಗೆಲುವು ಯಾರದೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಸಾವಕಾರರ ಕಿವಿಗೆ ಅದಾವುದೂ ಬಿದ್ದಂತಿರಲಿಲ್ಲ.

"ಈ ಆರು ನಮ್ಮ ಮೊಮ್ಮಗಂದು" ಎಂದರು. "ಛಲೋ ಹಾಲಿಂದು. ಹುಬ್ಬಳ್ಳ್ಯಾಗ ಬ್ಯಾರೆ ತಗೊಂಡಿದ್ದು. ಆ ಅಂಟಿನ ಜೋಡಿ ಕೂಡಬಾರದಂತ ನಾನ ಕೈಯಾರ ಗೀಚಿದ್ದೆ. ಯಲಬುರ್ಗಿಗೆ ನನ್ನ ಮಗಳ ಮನಿಗೆ ಹೋಗಬೇಕಾಗಿತ್ತು. ಇಲ್ಲಿ ಹೆಂಗ ಬಂದವು?"

ಮೇಜಿನ ಸುತ್ತ ನಿಂತವರಿಗೆಲ್ಲ ಒಂದೇ ಲೆಕ್ಕ ಹೊಳೆಯಿತು. ಇವು ಆರು ಇಲ್ಲಿದ್ದರೆ, ಯಲಬುರ್ಗಿಗೆ ಹೋದ ಆರು ಯಾವುವು?

ದೇವೇಂದ್ರಪ್ಪ ಸಾವಕಾರರ ಎರಡೂ ತೋಳು ಹಿಡಿದು ಅಲುಗಿಸಿ, ಡಬ್ಬಿ ಯಾರು ಒಯ್ದರು ಎಂದು ಕೇಳಿದ. ಅಳಿಯ ಉಮಾಪತಿ ಎಂದರು. ಅಂದು ಸೋಮವಾರ ಮುನ್ಶಿ ಅರಗು ಕಾಯಿಸಲು ಒಳಗೆ ಹೋದಾಗ, ಪೆಟ್ಟಿಗೆ ತುಂಬಲು ಕೂತವನೂ ಅವನೇ, ಊರಿಗೆ ಒಯ್ಯಬೇಕಾದ ಕೂಸಿನ ಆರು ಡಬ್ಬಿಯೂ ಅವನ ಬಳಿಯೇ ಇದ್ದವು. ಮತ್ತೆ ತಪಾಸಣೆ ಬಂದರೆ ಕೈಗೆ ಸಿಗುವ ಮೇಲಿನ ಸಾಲು ಹಾಲಿನದೇ ಇರಲಿ ಎಂದು ಮಾವನನ್ನು ಉಳಿಸಲು ಅದಲು ಬದಲು ಮಾಡಿದನೋ, ಬೇರೇನಾದರೂ ಇತ್ತೋ, ಮಾವನಿಗೇ ಗೊತ್ತಿರಲಿಲ್ಲ. ಮರುದಿನ ಡಬ್ಬಿ ತೆಗೆದುಕೊಂಡು ಊರಿಗೆ ಹೋಗಿದ್ದ. ಕೂಸಿಗೆ ಐದು ತಿಂಗಳು. ತಾಯಿಗೆ ಹಾಲು ಬತ್ತಿತ್ತು.

"ದೇವೇಂದ್ರ, ನಿಂತು ಏನು ಕೇಳ್ತಿ?" ಎಂದರು ಮೌಲಾಹುಸೇನರು. ಅವರ ದನಿ ಕಚೇರಿಯ ಹಳೆಯ ದನಿಯಾಗಿತ್ತು. "ಮೊದಲ ಗಾಡಿ ಹೂಡಸು. ಈ ಆರು ಡಬ್ಬಿ ತಗೊಂಡು ನಡಿ."

ಸಾಹೇಬರು ತಮ್ಮ ಕೈಯಿಂದಲೇ ಡಬ್ಬಿಗಳಿಗೆ ರವಾನೆ ಚೀಟಿ ಬರೆದರು. ಸಾವಕಾರರ ಮೋಟಾರು ಹೊರಗೆ ನಿಂತಿತ್ತು. ಹಮಾಲರು ಡಬ್ಬಿ ಹೊತ್ತು ಓಡಿದರು, ಕಳಕಮ್ಮ ಎಮ್ಮೆಯ ಹಾಲು ಇದ್ದರೆ ಇನ್ನೂ ಛಲೋ ಎಂದು ಮನೆಯ ಕಡೆ ಓಡಿದಳು. ದೊಡ್ಡಬಸಪ್ಪ ಸಾವಕಾರರು ಮೆಟ್ಟಿಲು ಇಳಿಯಲಾರದೆ ಕಂಬ ಹಿಡಿದು ನಿಂತು, ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದರು. ಮಧ್ಯಾಹ್ನದ ಟಪಾಲಿಗೆ ಬಂದದ್ದು, ಮಗಳ ಅಕ್ಷರ, ವಿಚಾರಣೆಯ ಗಡಿಬಿಡಿಯಲ್ಲಿ ಬಿಚ್ಚಿಲ್ಲ ಎಂದರು. ಅದನ್ನು ಅಮೀನನ ಕೈಗೆ ಕೊಟ್ಟರು.

ದೇವೇಂದ್ರಪ್ಪ ಹರಿದು ಓದಿದ. ನಾಲ್ಕನೆಯ ಇಯತ್ತೆ ಕಲಿತ ಹುಡುಗಿಯ ದುಂಡು ಅಕ್ಷರಗಳು.

"ಅಪ್ಪಾರಿಗೆ ಶರಣು. ಕೂಸು ದಿನಾ ಸೊರಗಾಕತ್ತೈತಿ. ಡಬ್ಬಿ ಹಾಲು ಹೊಟ್ಟಿ ತುಂಬ ಕುಡಿಸಿದರೂ ಅಳು ನಿಲ್ಲವಲ್ದು. ವೈದ್ಯರು ಇನ್ನಷ್ಟು ಗಟ್ಟಿ ಕಲಸಿ ಕುಡಿಸು ಅಂದಾರ, ಹಂಗ ಮಾಡಾಕತ್ತೀನಿ. ನಿಮ್ಮ ಅಳಿಯಂದಿರು ಬೇಸ್ತವಾರ ಕೊಪ್ಪಳಕ್ಕ ಹೊಂಡುವಾಗ, ಬ್ಯಾರೆ ಡಬ್ಬಿ ತರ್ತೀನಿ, ನಾ ಬರೂತನಕ ಇವನ್ನ ಬಿಚ್ಚಬ್ಯಾಡ ಅಂತ ಮೂರು ಸಲ ಹೇಳಿದ್ದರು. ಕೂಸು ಅಳೂದು ನೋಡಲಾರದ ಬಿಚ್ಚೀನಿ. ಅವರು ಐದು ದಿನ ಆತು ನಿಮ್ಮ ಮನ್ಯಾಗ ಅದಾರಲ್ಲ, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ ಅಂತ ನೀವ ಒಂದು ಮಾತು ಹೇಳ್ರಿ."

ದೇವೇಂದ್ರಪ್ಪ ಕಾಗದದಿಂದ ತಲೆ ಎತ್ತಿದ.

"ಬಿಚ್ಚಬ್ಯಾಡ ಅಂದಾರಂದ್ರ ಒಳಗ ಅಂಟು ಐತಿ ಅಂತ ಅವರಿಗೆ ಗೊತ್ತಿತ್ತು. ಉಮಾಪತಿ ಎಲ್ಲಿ ಅದಾರ್ರಿ ಸಾವ್ಕಾರ್ರ?"

ಸಾವಕಾರರು ಕಂಬ ಬಿಟ್ಟು ಮೆಟ್ಟಿಲ ಮೇಲೆ ಕೂತರು.

"ಯಲಬುರ್ಗ್ಯಾಗ ಅದಾನಂತ ಮಾಡಿದ್ದೆ. ನಮ್ಮ ಮನಿಗೆ ಅವ ಬಂದ ಇಲ್ಲ."